ಕಾರ್ಡಿನಲ್ಲಿ ರಂಜಕ ಜಾಸ್ತಿ, ಸತು ಕಡಿಮೆ: ಈ ಸಲವೂ ಡಿಎಪಿ ಹಾಕಬೇಕಾ?

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕು, ನಾಲ್ಕು ಎಕರೆ ಕೆಂಪು ಮಣ್ಣು. ಮೇಲಿನ ಎರಡು ಎಕರೆಯಲ್ಲಿ ಮಳೆ ನಂಬಿಕೊಂಡು ರಾಗಿ, ಕಡಲೆಕಾಯಿ ಮಾಡುತ್ತೇವೆ. ಕೆಳಗಿನ ಎರಡು ಎಕರೆಗೆ ಬೋರ್‌ವೆಲ್ ನೀರಿದೆ, ಮೆಕ್ಕೆಜೋಳ, ಟೊಮೆಟೊ ಹಾಕುತ್ತೇವೆ. ಹನ್ನೆರಡು ವರ್ಷದಿಂದ ಎಕರೆಗೆ ಒಂದು ಮೂಟೆ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ರಾಸಾಯನಿಕ ಗೊಬ್ಬರ) ತಪ್ಪಿಸಿಲ್ಲ. ಈಗ ಮಣ್ಣು ಆರೋಗ್ಯ ಕಾರ್ಡ್ ಬಂದಿದೆ. ರಸಸಾರ 7.8, ಇಸಿ 0.31, ಸಾವಯವ ಇಂಗಾಲ 0.36, ಸಾರಜನಕ 188, ರಂಜಕ 78, ಪೊಟ್ಯಾಷ್ 212, ಗಂಧಕ 7.2, ಸತು 0.42, ಬೋರಾನ್ 0.34. ಕಬ್ಬಿಣ, ಮ್ಯಾಂಗನೀಸ್, ತಾಮ್ರ ಸಾಕಷ್ಟಿದೆ ಅಂತ ಬರೆದಿದೆ. ಪಕ್ಕದ ಹೊಲದವರ ಕಾರ್ಡಿನಲ್ಲೂ ಇದೇ ಅಂಕಿಗಳಿವೆ, ಹಾಗಾದರೆ ಇದನ್ನು ನಂಬಬಹುದಾ? ಡಿಎಪಿ ಬಿಟ್ಟರೆ ಇಳುವರಿ ಬೀಳುತ್ತದೆ, ಜೊತೆಗೆ ಲಘು ಪೋಷಕಾಂಶದ ಮಿಶ್ರಣವನ್ನೂ ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಅನುಮಾನದಿಂದಲೇ ಶುರು ಮಾಡೋಣ, ಯಾಕೆಂದರೆ ಅದು ಸರಿಯಾದ ಅನುಮಾನ. ಪಕ್ಕದವರ ಕಾರ್ಡಿನಲ್ಲೂ ಅದೇ ಅಂಕಿ ಇರುವುದು ಮೋಸ ಅಲ್ಲ. 2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರುವಾದಾಗ ದೇಶದ ಪ್ರತಿಯೊಬ್ಬ ರೈತರ ಹೊಲದಿಂದಲೂ ಬೇರೆ ಬೇರೆ ಮಣ್ಣು ತೆಗೆಯುವುದು ಆಗದ ಕೆಲಸ ಅಂತ, ಜಮೀನನ್ನು ಚೌಕ ಚೌಕ ಮಾಡಿ ಹಂಚಿಕೊಂಡರು. ನೀರಾವರಿ ಇರುವ ಕಡೆ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಮಳೆ ಆಶ್ರಿತ ಕಡೆ ಹತ್ತು ಹೆಕ್ಟೇರಿಗೆ ಒಂದು ಮಾದರಿ. ಹತ್ತು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ 25 ಎಕರೆ. ಆ ಚೌಕದೊಳಗೆ ಯಾರ್ಯಾರ ಹೊಲ ಬರುತ್ತದೋ ಅವರಿಗೆಲ್ಲ ಒಂದೇ ಅಂಕಿ. ನಿಮ್ಮ ಕಾರ್ಡ್ ಆ ಪದ್ಧತಿಯಲ್ಲೇ ಬಂದಿರಬೇಕು. ಹಾಗಾಗಿ ಅದು ನಿಮ್ಮ ಸುತ್ತಲಿನ ಮಣ್ಣಿನ ಬಗ್ಗೆ ನಿಜ ಹೇಳುತ್ತದೆ, ಆದರೆ ನಿಮ್ಮ ಹೊಲದ ಬಗ್ಗೆಯೇ ಅಂತ ಹೇಳಲಾಗದು.

ಅದರಲ್ಲೂ ನಿಮ್ಮ ನಾಲ್ಕು ಎಕರೆ ಒಂದೇ ಹೊಲ ಅಲ್ಲ. ಮೇಲಿನದು ಮಳೆ ನೀರು ಕುಡಿದ ಮಣ್ಣು. ಕೆಳಗಿನದು ಎಷ್ಟೋ ವರ್ಷದಿಂದ ಬೋರ್‌ವೆಲ್ ನೀರು ಕುಡಿದ ಮಣ್ಣು. ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಸ್ನಾನಕ್ಕೆ ಸೋಪು ಹಚ್ಚಿದವರಿಗೆಲ್ಲ ಗೊತ್ತು. ಆ ನೀರಿನಲ್ಲಿರುವ ಬೈಕಾರ್ಬೊನೇಟ್, ಸುಣ್ಣ ಎಲ್ಲ ಮಣ್ಣಿನಲ್ಲೇ ಉಳಿದು ರಸಸಾರವನ್ನು ನಿಧಾನವಾಗಿ ಮೇಲಕ್ಕೆ ತಳ್ಳುತ್ತವೆ. ಎರಡೂ ಕಡೆಯ ಮಣ್ಣನ್ನು ಸೇರಿಸಿ ಕಳಿಸಿದರೆ ಎರಡಕ್ಕೂ ಹೊಂದದ ಒಂದು ಸರಾಸರಿ ಬರುತ್ತದೆ. ಆದ್ದರಿಂದ ಮುಂಗಾರಿಗೆ ಮುಂಚೆ ನೀವೇ ಎರಡು ಮಾದರಿ ತೆಗೆಯಿರಿ, ಮೇಲಿನದು ಒಂದು, ಕೆಳಗಿನದು ಒಂದು. ಕೊಯ್ಲು ಮುಗಿದು ಹೊಲ ಖಾಲಿ ಇರುವ ಏಪ್ರಿಲ್, ಮೇ ತಿಂಗಳು ಒಳ್ಳೆಯ ಹೊತ್ತು. ರಾಗಿ ಬಿತ್ತನೆಗೆ ಮುಂಚೆ ಫಲಿತಾಂಶ ಕೈಗೆ ಬರುವಷ್ಟು ಸಮಯವೂ ಸಿಗುತ್ತದೆ.

ಮಣ್ಣು ತೆಗೆಯುವ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಲ್ಯಾಬಿನಲ್ಲಿ ಇಷ್ಟು ವರ್ಷ ಮಣ್ಣು ನೋಡಿದ ಮೇಲೆ ನನಗೆ ಅನ್ನಿಸಿರುವುದು ಇದು: ತಪ್ಪು ಲೆಕ್ಕದಲ್ಲಿ ಆಗುವುದಕ್ಕಿಂತ ಹೊಲದಲ್ಲೇ ಆಗುವುದು ಜಾಸ್ತಿ. ಒಂದು ಎಕರೆಯ ಮೇಲಿನ ಆರು ಇಂಚಿನಲ್ಲಿ ಸುಮಾರು 9 ಲಕ್ಷ ಕಿಲೋ ಮಣ್ಣಿರುತ್ತದೆ. ಅದರಲ್ಲಿ ನೀವು ಕಳಿಸುವುದು ಅರ್ಧ ಕಿಲೋ, ಲ್ಯಾಬಿನವರು ಒಂದೊಂದು ಪರೀಕ್ಷೆಗೆ ತೂಗಿಕೊಳ್ಳುವುದು ಕೆಲವೇ ಗ್ರಾಂ. ಆ ಕೆಲವು ಗ್ರಾಂ ಇಡೀ ಹೊಲದ ಪರವಾಗಿ ಮಾತಾಡಬೇಕು, ಅಲ್ವಾ?

ಹೊಲದಲ್ಲಿ ಹಾವು ಹರಿದ ಹಾಗೆ ಅಂಕುಡೊಂಕಾಗಿ ನಡೆಯಿರಿ. ಎರಡು ಎಕರೆಗೆ ಹತ್ತರಿಂದ ಹದಿನೈದು ಜಾಗ ಗುರುತು ಮಾಡಿಕೊಳ್ಳಿ. ಬದುವಿನ ಪಕ್ಕ, ಮರದ ನೆರಳು, ನೀರಿನ ಕಾಲುವೆ, ತಿಪ್ಪೆ ಹಾಕಿದ್ದ ಜಾಗ, ಕುರಿ ಮಂದೆ ನಿಲ್ಲಿಸಿದ್ದ ಜಾಗ, ಹುಲ್ಲು ಸುಟ್ಟ ಜಾಗ, ಇವನ್ನೆಲ್ಲ ಬಿಡಿ. ಮೇಲಿನ ಕಸ ಕಡ್ಡಿ ಕೈಯಲ್ಲಿ ಸರಿಸಿ, ಮಣ್ಣು ಕೆರೆಯಬೇಡಿ. ಗುದ್ದಲಿಯಿಂದ ಆರು ಇಂಚು ಆಳಕ್ಕೆ, ಮೇಲೆ ಅಗಲ ಕೆಳಗೆ ಚೂಪು ಬರುವ ಹಾಗೆ ಗುಂಡಿ ತೋಡಿ ಆ ಮಣ್ಣನ್ನು ಆಚೆ ಹಾಕಿಬಿಡಿ. ಈಗ ಗುಂಡಿಯ ಒಂದು ಪಕ್ಕದ ಗೋಡೆಯನ್ನು ಮೇಲಿನಿಂದ ತಳದವರೆಗೆ ಒಂದು ಹೆಬ್ಬೆರಳ ದಪ್ಪ, ರೊಟ್ಟಿ ಚೂರಿನ ಹಾಗೆ ಕತ್ತರಿಸಿ ತೆಗೆಯಿರಿ. ಮೇಲೂ ಕೆಳಗೂ ಒಂದೇ ದಪ್ಪ ಇರಬೇಕು. ಮೇಲೆ ದಪ್ಪ ಕೆಳಗೆ ತೆಳು ಬಂದರೆ ಮೇಲ್ಮಣ್ಣು ಜಾಸ್ತಿ ಸೇರಿ ಇಂಗಾಲ, ರಂಜಕ ಎಲ್ಲ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಗುದ್ದಲಿಯ ಕಬ್ಬಿಣ ತಾಗಿದ ಮುಖವನ್ನು ಒಂದು ಮರದ ಚಕ್ಕೆಯಿಂದ ಕೆರೆದು ಬಿಟ್ಟರೆ ಇನ್ನೂ ಒಳ್ಳೆಯದು.

ಎಲ್ಲ ಜಾಗದ ಮಣ್ಣನ್ನೂ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ಹಳೇ ತಗಡಿನ ಬಕೆಟ್ ಬೇಡವೇ ಬೇಡ, ಅದರ ಮೇಲಿನ ಲೇಪನವೇ ಸತು. ನಿಮ್ಮ ಮಣ್ಣಿನಲ್ಲಿ ನಾವು ಹುಡುಕುತ್ತಿರುವುದೂ ಸತುವನ್ನೇ. ಹೆಂಟೆ ಒಡೆದು, ಕಲ್ಲು ಬೇರು ಆರಿಸಿ, ಚೆನ್ನಾಗಿ ಕಲೆಸಿ. ಆಮೇಲೆ ದುಂಡಗೆ ಹರಡಿ, ಬೆರಳಲ್ಲಿ ಎರಡು ಗೆರೆ ಎಳೆದು ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗ ಎಸೆದು ಉಳಿದೆರಡನ್ನು ಮತ್ತೆ ಕಲೆಸಿ. ಅರ್ಧ ಕಿಲೋ ಉಳಿಯುವವರೆಗೂ ಹೀಗೇ ಮಾಡಿ. ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲಕ್ಕೆ ತುಂಬಿ. ಒಮ್ಮೆ ಒಬ್ಬರು ಯೂರಿಯಾ ಮೂಟೆ ಹರಿದು ಹೊಲಿದ ಚೀಲದಲ್ಲಿ ಮಣ್ಣು ತಂದಿದ್ದರು. ಒಳಗೆ ಹೊಲಿಗೆಯ ಸಂದಿಯಲ್ಲಿ ಬಿಳಿ ಕಾಳು ಇನ್ನೂ ಅಂಟಿಕೊಂಡಿತ್ತು. ಎಂಟು ಮೈಲಿ ಬಸ್ಸಿನಲ್ಲಿ ಬಂದವರನ್ನು ವಾಪಸ್ ಕಳಿಸುವಾಗ ನನಗೂ ಬೇಜಾರಾಯಿತು, ಆದರೆ ಆ ಮಣ್ಣು ಪರೀಕ್ಷೆ ಮಾಡಿ ಕೊಡುವ ಅಂಕಿ ಅವರಿಗೆ ನಷ್ಟವೇ ಮಾಡುತ್ತಿತ್ತು. ಚೀಲದೊಳಗೆ ಒಂದು ಚೀಟಿ ಇಡಿ. ಹೆಸರು, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದೆ ಹಾಕುವ ಬೆಳೆ, ಮಳೆ ಆಶ್ರಿತವೋ ನೀರಾವರಿಯೋ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದರೆ ತೇವಕ್ಕೆ ಅಳಿಸುವುದಿಲ್ಲ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೊಡಬಹುದು. ನಿಮ್ಮ ಜಿಲ್ಲೆಯಲ್ಲಿ ಹಿರೇಹಳ್ಳಿ ಮತ್ತು ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳೂ ಇವೆ, ಹೋಗಿ ವಿಚಾರಿಸಿ.

ಇನ್ನು ಕಾರ್ಡಿನ ಅಂಕಿಗಳಿಗೆ ಬರೋಣ.

ರಸಸಾರ 7.8. ಏಳು ಅಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ. ಆರೂವರೆಯಿಂದ ಏಳೂವರೆ ಒಳಗಿದ್ದರೆ ಹೆಚ್ಚಿನ ಬೆಳೆಗಳು ಸುಖವಾಗಿರುತ್ತವೆ. ನಿಮ್ಮದು ಸ್ವಲ್ಪ ಕ್ಷಾರದ ಕಡೆಗೆ ವಾಲಿದೆ. ಗಾಬರಿ ಬೇಡ, ಎಂಟೂವರೆ ದಾಟಿದರೆ ಆಗ ಜಿಪ್ಸಂ, ಬಸಿಗಾಲುವೆ ಅಂತ ಯೋಚಿಸಬೇಕಾಗುತ್ತದೆ. ಆದರೆ ಒಂದು ಮಾತು ನೆನಪಿಡಿ. ರಸಸಾರ ಏರಿದ ಹಾಗೆ ಸತು ಮಣ್ಣಿನಲ್ಲಿ ಇದ್ದರೂ ಬೇರಿಗೆ ಸಿಗದೆ ಬೀಗ ಹಾಕಿಕೊಂಡಂತೆ ಕೂತುಬಿಡುತ್ತದೆ. ಇದನ್ನು ಮುಂದೆ ಮತ್ತೆ ಹೇಳುತ್ತೇನೆ. ಮಲೆನಾಡಿನ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಕಥೆ ಇದರ ತದ್ವಿರುದ್ಧ. ಅಲ್ಲಿ ಮಳೆ ಸುಣ್ಣವನ್ನು ತೊಳೆದುಕೊಂಡು ಹೋಗಿ ರಸಸಾರ ಐದರ ಹತ್ತಿರ ಇಳಿದಿರುತ್ತದೆ, ಅಲ್ಲಿ ಬೇಕಾಗುವುದು ಸುಣ್ಣ. ಈ ಉತ್ತರವನ್ನು ನಿಮ್ಮ ತೋಟಕ್ಕೆ ಹಾಗೇ ಅನ್ವಯಿಸಬೇಡಿ.

ಇಸಿ 0.31. ಇದು ಮಣ್ಣಿನ ಉಪ್ಪಿನ ಅಳತೆ. ಒಂದರ ಒಳಗಿದ್ದರೆ ಚಿಂತೆ ಇಲ್ಲ. ತುಂಗಭದ್ರಾ ಕಾಲುವೆ ಕೆಳಗಿನ ರಾಯಚೂರು, ಕೊಪ್ಪಳದ ರೈತರು ಮೊದಲು ನೋಡಬೇಕಾದ ಅಂಕಿ ಇದು, ನೀವು ಮುಂದೆ ಹೋಗಬಹುದು.

ಸಾವಯವ ಇಂಗಾಲ 0.36. ನನ್ನನ್ನು ಕೇಳಿದರೆ ಇಡೀ ಕಾರ್ಡಿನಲ್ಲಿ ಬೇಜಾರು ಮಾಡಿಕೊಳ್ಳಬೇಕಾದ ಅಂಕಿ ಇದೊಂದೇ. ಅರ್ಧಕ್ಕಿಂತ ಕೆಳಗಿದ್ದರೆ ಕಡಿಮೆ, ಮುಕ್ಕಾಲು ದಾಟಿದರೆ ಹೆಚ್ಚು. ಮಣ್ಣಿನ ಹುಳು, ಅಣುಜೀವಿ, ತೇವ ಹಿಡಿಯುವ ಶಕ್ತಿ ಎಲ್ಲ ನಿಂತಿರುವುದು ಇದರ ಮೇಲೆ. ಲೆಕ್ಕ ಹಾಕಿ ನೋಡಿ: ಎಕರೆಯ 9 ಲಕ್ಷ ಕಿಲೋ ಮಣ್ಣಿನಲ್ಲಿ 0.36 ಪರ್ಸೆಂಟ್ ಅಂದರೆ ಸುಮಾರು 3,250 ಕಿಲೋ ಇಂಗಾಲ. ಅದನ್ನು ಅರ್ಧ ಪರ್ಸೆಂಟಿಗೆ ತರಬೇಕಾದರೆ ಇನ್ನೂ 1,250 ಕಿಲೋಕ್ಕಿಂತ ಹೆಚ್ಚು ಇಂಗಾಲ ಮಣ್ಣಿನಲ್ಲಿ ಉಳಿಯಬೇಕು. ಹಾಕಿದ್ದೆಲ್ಲ ಉಳಿಯುವುದಿಲ್ಲ, ನಮ್ಮ ಬಿಸಿಲಿಗೆ ಬಹುಪಾಲು ಕರಗಿ ಗಾಳಿಗೆ ಹೋಗುತ್ತದೆ. ಹಾಗಾಗಿ ಒಂದು ವರ್ಷ ನಾಲ್ಕು ಟ್ರಾಕ್ಟರ್ ಗೊಬ್ಬರ ಹೊಡೆದು ಆಮೇಲೆ ಮೂರು ವರ್ಷ ಸುಮ್ನೆ ಇರುವುದಕ್ಕಿಂತ, ಪ್ರತಿ ವರ್ಷ ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಹಾಕುವುದು ಮೇಲು. ದನ ಇಲ್ಲ, ಗೊಬ್ಬರ ಸಿಗಲ್ಲ ಅನ್ನುವವರೇ ಈಗ ಜಾಸ್ತಿ, ಅದು ನನಗೂ ಗೊತ್ತು. ಮುಂಗಾರು ಪೂರ್ವದ ಮಳೆಗೆ ಸೆಣಬು, ಅಲಸಂದೆ ಅಥವಾ ಹುರುಳಿ ಎರಚಿ, ಹೂವು ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿ. ಬದುವಿನ ಮೇಲೆ ಗ್ಲಿರಿಸೀಡಿಯಾ, ಹೊಂಗೆ ಇದ್ದರೆ ಸೊಪ್ಪು ಕಡಿದು ಹಾಕಿ. ಕಡಲೆಕಾಯಿ ಬಳ್ಳಿ, ಮೆಕ್ಕೆಜೋಳದ ದಂಟಿಗೆ ಬೆಂಕಿ ಮಾತ್ರ ಹಚ್ಚಬೇಡಿ.

ಸಾರಜನಕ 188. ಹೆಕ್ಟೇರಿಗೆ 280 ಕಿಲೋಕ್ಕಿಂತ ಕೆಳಗಿದ್ದರೆ ಕಡಿಮೆ. ಇಂಗಾಲ ಕಡಿಮೆ ಇದ್ದಲ್ಲಿ ಇದೂ ಕಡಿಮೆಯೇ ಇರುತ್ತದೆ, ಎರಡೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಪೊಟ್ಯಾಷ್ 212, ಮಧ್ಯಮ. 141ರಿಂದ 336ರವರೆಗೆ ಮಧ್ಯಮ ಅಂತ ಲೆಕ್ಕ. ಕಾರ್ಡಿನ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಅಂಕಿ ಹೆಕ್ಟೇರಿನವು, ಎಕರೆಯವಲ್ಲ. ಎಕರೆಗೆ ಬೇಕಾದರೆ ಎರಡೂವರೆಯಿಂದ ಭಾಗಿಸಿ. ಹೆಕ್ಟೇರಿನ ಶಿಫಾರಸನ್ನು ಎಕರೆಗೆ ಅಂತ ಓದಿಕೊಂಡು ಎರಡೂವರೆ ಪಟ್ಟು ಗೊಬ್ಬರ ಹಾಕಿದವರನ್ನು ನಾನು ನೋಡಿದ್ದೇನೆ.

ರಂಜಕ 78. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ. 23ಕ್ಕಿಂತ ಕೆಳಗೆ ಕಡಿಮೆ, 56 ದಾಟಿದರೆ ಹೆಚ್ಚು. ಇದು ಪಿ2ಒ5, ಅಂದರೆ ಆಮ್ಲಜನಕ ಸೇರಿದ ರಂಜಕದ ಲೆಕ್ಕ. ಕೆಲವು ಲ್ಯಾಬಿನವರು ಬರೀ ರಂಜಕದ ಲೆಕ್ಕದಲ್ಲಿ ಕೊಡುತ್ತಾರೆ, ಅದರಲ್ಲಿ 10ಕ್ಕಿಂತ ಕೆಳಗೆ ಕಡಿಮೆ, 25 ದಾಟಿದರೆ ಹೆಚ್ಚು. ನಿಮ್ಮ 78 ಯಾವ ಲೆಕ್ಕದಲ್ಲಿದ್ದರೂ ಹೆಚ್ಚೇ. ಚೌಕದ ಕಾರ್ಡ್ ಆದರೂ ಈ ಅಂಕಿಯನ್ನು ನಾನು ನಂಬುತ್ತೇನೆ, ಕಾರಣ ನೀವೇ ಬರೆದಿದ್ದೀರಿ: ಹನ್ನೆರಡು ವರ್ಷ, ವರ್ಷಕ್ಕೊಂದು ಮೂಟೆ ಡಿಎಪಿ. 50 ಕಿಲೋ ಮೂಟೆಯಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕದ ಸತ್ವ ಇರುತ್ತದೆ. ಮಳೆ ಆಶ್ರಿತ ರಾಗಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 50, 40, 37.5 ಕಿಲೋ. ಎಕರೆಗೆ ಇಳಿಸಿದರೆ ಸಾರಜನಕ 20, ರಂಜಕ 16, ಪೊಟ್ಯಾಷ್ 15. ಅಂದರೆ ಮಣ್ಣಿನಲ್ಲಿ ರಂಜಕ ಸಾಧಾರಣ ಇದ್ದಾಗಲೂ 16 ಕಿಲೋ ಸಾಕು, ನೀವು ಪ್ರತಿ ವರ್ಷ 23 ಕೊಟ್ಟಿದ್ದೀರಿ. ಸಾರಜನಕ ಮಳೆಗೆ ಬಸಿದು ಹೋಗುತ್ತದೆ, ಗಾಳಿಗೆ ಹಾರುತ್ತದೆ. ರಂಜಕ ಹಾಗಲ್ಲ. ಹಾಕಿದ ಜಾಗದಲ್ಲೇ ಮಣ್ಣಿಗೆ ಅಂಟಿಕೊಂಡು ಕೂರುತ್ತದೆ. ನೀವು ದುಡ್ಡು ಕೊಟ್ಟು ತಂದದ್ದು ನಿಮ್ಮ ಹೊಲದಲ್ಲೇ ಠೇವಣಿಯಾಗಿ ಬಿದ್ದಿದೆ.

ಠೇವಣಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಅನ್ನಿಸಬಹುದು. ಆದರೆ ಪಕ್ಕದಲ್ಲೇ ಸತುವಿನ ಅಂಕಿ ನೋಡಿ, 0.42. ಇದು ಹತ್ತು ಲಕ್ಷ ಭಾಗಕ್ಕೆ ಎಷ್ಟು ಅನ್ನುವ ಲೆಕ್ಕ. 0.6ರ ಕೆಳಗಿದ್ದರೆ ಕೊರತೆ. ನಿಮ್ಮ ಒಂದು ಎಕರೆಯ 9 ಲಕ್ಷ ಕಿಲೋ ಮಣ್ಣಿನಲ್ಲಿ ಬೆಳೆಗೆ ಸಿಗುವ ಸತು 400 ಗ್ರಾಂ ಕೂಡ ಇಲ್ಲ. ರಂಜಕ ಅತಿಯಾದಲ್ಲಿ ಗಿಡ ಸತುವನ್ನು ಎಳೆದುಕೊಳ್ಳುವುದು, ಎಲೆಗೆ ಸಾಗಿಸುವುದು ಎರಡೂ ಕುಗ್ಗುತ್ತದೆ. ಮೇಲಾಗಿ ರಸಸಾರ ಕ್ಷಾರದ ಕಡೆಗಿದೆ. ಹಾಗಾಗಿ ಡಿಎಪಿ ಹಾಕುತ್ತಾ ಹೋದಷ್ಟೂ ಸತುವಿನ ಕೊರತೆ ಬಿಗಿಯಾಗುತ್ತದೆ. ಕೆಳಗಿನ ಹೊಲದಲ್ಲಿ ಮೆಕ್ಕೆಜೋಳ ಮೊಳಕಾಲುದ್ದ ಬಂದಾಗ ಹೋಗಿ ಎಳೆಯ ಎಲೆಗಳನ್ನು ನೋಡಿ. ನಡುನರದ ಎರಡೂ ಪಕ್ಕ, ಎಲೆಯ ಬುಡದ ಕಡೆಯಿಂದ ಅಗಲವಾದ ಬಿಳಿಚಿದ ಪಟ್ಟೆ ಕಂಡರೆ ಅದು ಸತುವಿನ ಕೊರತೆ. ಬಹಳ ಜನ ಅದನ್ನು ಗೊಬ್ಬರ ಸಾಲದು ಅಂದುಕೊಂಡು ಇನ್ನೊಂದು ಹಿಡಿ ಡಿಎಪಿ ಎರಚುತ್ತಾರೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಗಂಧಕ 7.2, ಬೋರಾನ್ 0.34. ಗಂಧಕಕ್ಕೆ 10, ಬೋರಾನ್‌ಗೆ 0.5 ಗೆರೆ, ಎರಡೂ ಕೆಳಗಿವೆ. ಇದು ನಿಮ್ಮೊಬ್ಬರ ಸಮಸ್ಯೆ ಅಲ್ಲ. 2009ರಲ್ಲಿ ನಮ್ಮ ರಾಜ್ಯದಲ್ಲಿ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಭೂಚೇತನ ಕಾರ್ಯಕ್ರಮ ಶುರುವಾದಾಗ, ಮಳೆ ಆಶ್ರಿತ ಜಮೀನುಗಳಲ್ಲಿ ಎಲ್ಲೆಲ್ಲೂ ಎದ್ದು ಕಂಡದ್ದು ಇದೇ ಮೂರರ ಕೊರತೆ, ಗಂಧಕ, ಸತು, ಬೋರಾನ್. ಕಡಲೆಕಾಯಿ ಬೆಳೆಯುವವರಿಗೆ ಬೋರಾನ್ ಕೊರತೆ ಕಣ್ಣಿಗೇ ಕಾಣುತ್ತದೆ. ಕಾಯಿ ಹೊರಗಿನಿಂದ ಚೆನ್ನಾಗಿರುತ್ತದೆ. ಬೀಜವನ್ನು ಬೇಳೆ ಬಿಡಿಸಿ ನೋಡಿದರೆ ಒಳಗೆ ನಡುವೆ ಕಂದು ಬಣ್ಣದ ತಗ್ಗು ಬಿದ್ದಿರುತ್ತದೆ. ನಿಮ್ಮ ಮನೆಯ ಹೋದ ವರ್ಷದ ಕಡಲೆಯಲ್ಲಿ ಐವತ್ತು ಬೀಜ ಬಿಡಿಸಿ ನೋಡಿ.

ಹಾಗಾದರೆ ಮೇಲಿನ ಹೊಲದ ರಾಗಿಗೆ ಏನು ಹಾಕಬೇಕು? ಹೊಸ ಮಾದರಿಯ ಫಲಿತಾಂಶ ಬರುವವರೆಗೆ ಈ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ. ಕಡಿಮೆ ಇರುವುದನ್ನು ಶಿಫಾರಸಿಗಿಂತ ಕಾಲು ಭಾಗ ಹೆಚ್ಚಿಸಿ, ಹೆಚ್ಚಿರುವುದನ್ನು ಕಾಲು ಭಾಗ ಇಳಿಸಿ, ಮಧ್ಯಮ ಇದ್ದದ್ದನ್ನು ಹಾಗೇ ಬಿಡಿ. ಎಕರೆಗೆ ಸಾರಜನಕ 25, ರಂಜಕ 12, ಪೊಟ್ಯಾಷ್ 15 ಕಿಲೋ ಆಯಿತು. ಡಿಎಪಿ ಪೂರ್ತಿ ಬಿಡಿ. ಅದರ ಬದಲು ಸಿಂಗಲ್ ಸೂಪರ್ ಫಾಸ್ಫೇಟ್ ಒಂದೂವರೆ ಮೂಟೆ, 75 ಕಿಲೋ ಹಾಕಿ. ಅದರಲ್ಲಿ 12 ಕಿಲೋ ರಂಜಕ ಬಂತು, ಜೊತೆಗೆ ಡಿಎಪಿಯಲ್ಲಿ ಇಲ್ಲದ ಗಂಧಕ ಹತ್ತಿರ ಹತ್ತಿರ 8 ಕಿಲೋ ಬಂತು. ಗಂಧಕಕ್ಕೆ ಬೇರೆ ಖರ್ಚು ಬೇಡ. ಮ್ಯೂರಿಯೇಟ್ ಆಫ್ ಪೊಟ್ಯಾಷ್ 25 ಕಿಲೋ. ಯೂರಿಯಾ ಒಟ್ಟು 54 ಕಿಲೋ, 45 ಕಿಲೋದ ಒಂದು ಮೂಟೆ ಮತ್ತು ಇನ್ನೊಂದು ಒಂಬತ್ತು ಕಿಲೋ. ಯೂರಿಯಾ ಅರ್ಧ ಬಿತ್ತುವಾಗ, ಉಳಿದರ್ಧ ಒಂದು ತಿಂಗಳಾದ ಮೇಲೆ ಕಳೆ ತೆಗೆದು ನೆಲ ಹಸಿ ಇರುವಾಗ. ಮಳೆ ಕೈ ಕೊಟ್ಟು ನೆಲ ಒಣಗಿದ್ದರೆ ಎರಡನೇ ಕಂತು ಹಾಕಬೇಡಿ, ಮಳೆಗೆ ಕಾಯಿರಿ.

ಸತುವಿಗೆ ಜಿಂಕ್ ಸಲ್ಫೇಟ್ ಎಕರೆಗೆ 10 ಕಿಲೋ. ಪ್ರತಿ ವರ್ಷ ಬೇಡ, ಎರಡು ಮೂರು ವರ್ಷಕ್ಕೊಮ್ಮೆ ಸಾಕು, ಯಾಕೆಂದರೆ ಅದರಲ್ಲಿ ಎರಡು ಕಿಲೋಕ್ಕಿಂತ ಹೆಚ್ಚು ಸತು ಇದೆ, ನಿಮ್ಮ ಮಣ್ಣಿನಲ್ಲಿ ಈಗ ಸಿಗುತ್ತಿರುವುದರ ಐದು ಪಟ್ಟು. ಇದನ್ನು ಸೂಪರ್ ಫಾಸ್ಫೇಟ್ ಜೊತೆ ಒಂದೇ ಪುಟ್ಟಿಯಲ್ಲಿ ಕಲೆಸಬೇಡಿ, ಅಲ್ಲೇ ಕಚ್ಚಿಕೊಂಡುಬಿಡುತ್ತವೆ. ಪುಡಿ ಮಾಡಿದ ಕೊಟ್ಟಿಗೆ ಗೊಬ್ಬರದಲ್ಲಿ ಕಲೆಸಿ ಬೇರೆ ದಿನ ಎರಚಿ. ಬೋರಾನ್‌ಗೆ ಬೊರಾಕ್ಸ್ ಎಕರೆಗೆ 2 ಕಿಲೋ, ಅದನ್ನೂ ಗೊಬ್ಬರದ ಜೊತೆ. ಬೋರಾನ್ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ಕೊರತೆಗೂ ಅತಿಗೂ ನಡುವೆ ಅಂತರ ಬಹಳ ಕಡಿಮೆ, ಜಾಸ್ತಿ ಹಾಕಿದರೆ ಎಲೆಯಂಚು ಸುಟ್ಟು ಹೋಗುತ್ತದೆ.

ಅಂಗಡಿಯವರು ಹೇಳಿದ ಮಿಶ್ರಣದ ಬಗ್ಗೆ. ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್, ತಾಮ್ರ ಎಲ್ಲ ಇರುತ್ತದೆ. ಇವು ನಿಮ್ಮಲ್ಲಿ ಸಾಕಷ್ಟಿವೆ ಅಂತ ಕಾರ್ಡೇ ಹೇಳುತ್ತಿದೆ. ನಿಮಗೆ ಬೇಕಿರುವುದು ಎರಡು, ಆ ಎರಡನ್ನು ಬಿಡಿಯಾಗಿ ಕೊಳ್ಳಿ. ಡಿಎಪಿ ಬಿಟ್ಟರೆ ಇಳುವರಿ ಬೀಳುತ್ತದೆ ಅನ್ನುವ ಮಾತು ಹೊಸದಾಗಿ ಒಡೆದ ಬಂಜರಿಗೆ ನಿಜ ಇರಬಹುದು, 78 ಇರುವ ಹೊಲಕ್ಕೆ ಅಲ್ಲ.

ಕಡಲೆಕಾಯಿ ಹಾಕುವ ವರ್ಷ ಲೆಕ್ಕ ಬೇರೆ. ಅದರ ಶಿಫಾರಸು ಎಕರೆಗೆ 10, 20, 10. ಇದನ್ನೂ ಮೇಲಿನ ಹಾಗೇ ಏರಿಸಿ ಇಳಿಸಿ. ಜೊತೆಗೆ ಎಕರೆಗೆ 200 ಕಿಲೋ ಜಿಪ್ಸಂ ಮರೆಯಬೇಡಿ, ಹೂ ಬಿಟ್ಟು ಊಡು (ಮಣ್ಣಿಗಿಳಿದು ಕಾಯಿಯಾಗುವ ಎಳೆ) ಇಳಿಯುವ ಹೊತ್ತಿಗೆ ಗಿಡದ ಬುಡಕ್ಕೆ ಹಾಕಿ ಮಣ್ಣು ಏರಿಸಿ. ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರಿಕೊಳ್ಳುತ್ತದೆ, ಬೇರಿನಿಂದಲ್ಲ.

ಕೆಳಗಿನ ಹೊಲಕ್ಕೆ ಈಗಲೇ ನಾನು ಲೆಕ್ಕ ಹೇಳುವುದಿಲ್ಲ. ಅಲ್ಲಿನ ಮಣ್ಣಿನ ಜೊತೆ ಬೋರ್‌ವೆಲ್ ನೀರನ್ನೂ ಪರೀಕ್ಷೆಗೆ ಕೊಡಿ. ಮೋಟಾರ್ ಹಾಕಿ ಅರ್ಧ ಗಂಟೆ ನೀರು ಹರಿಯಲು ಬಿಟ್ಟು, ಅದೇ ನೀರಲ್ಲಿ ಬಾಟಲಿಯನ್ನು ಮೂರು ನಾಲ್ಕು ಸಲ ತೊಳೆದು, ಕಂಠದವರೆಗೆ ತುಂಬಿಸಿ ಮುಚ್ಚಿ, ಅದೇ ದಿನ ತಲುಪಿಸಿ. ಎರಡೂ ಫಲಿತಾಂಶ ಬಂದ ಮೇಲೆ ಮತ್ತೆ ಬರೆಯಿರಿ.

ಇನ್ನೊಂದು ಕೆಲಸ. ಹನ್ನೆರಡು ವರ್ಷದ ರೂಢಿಯನ್ನು ನನ್ನ ಮಾತು ಕೇಳಿ ಒಂದೇ ಸಲ ಬಿಡಲು ಮನಸ್ಸು ಒಪ್ಪದಿದ್ದರೆ, ಬಿಡಬೇಡಿ. ರಾಗಿ ಹೊಲದ ನಡುವೆ ಐದು ಗುಂಟೆ ಅಳೆದು ಮೂಲೆಗೆ ಗೂಟ ಹೊಡೆಯಿರಿ. ಆ ಐದು ಗುಂಟೆಗೆ ಹಳೇ ಪದ್ಧತಿಯಂತೆ ಆರು ಕಾಲು ಕಿಲೋ ಡಿಎಪಿ, ಉಳಿದ ಗೊಬ್ಬರ ನೀವು ಎಂದಿನಂತೆ ಹಾಕುತ್ತಿದ್ದಷ್ಟು. ಮಿಕ್ಕ ಹೊಲಕ್ಕೆಲ್ಲ ಈ ಲೆಕ್ಕ. ಬೀಜ, ಬಿತ್ತನೆ ದಿನ, ಕಳೆ ಎಲ್ಲ ಒಂದೇ ಇರಲಿ. ಕೊಯ್ಲಿನಲ್ಲಿ ಆ ಐದು ಗುಂಟೆಯನ್ನೂ, ಪಕ್ಕದ ಇನ್ನೊಂದು ಐದು ಗುಂಟೆಯನ್ನೂ ಬೇರೆ ಬೇರೆ ಕೊಯ್ದು, ಬೇರೆ ಬೇರೆ ಕಣ ಮಾಡಿ, ರಾಗಿ ತೂರಿದ ಮೇಲೆ ಎರಡನ್ನೂ ತೂಗಿ, ತೂಕವನ್ನು ಆ ಕಾರ್ಡಿನ ಹಿಂಭಾಗದಲ್ಲೇ ಬರೆದಿಡಿ.